ಕಾಲಂ ಬೇರೆ, ಪಂಕ್ತಿ ಒಂದೇ



2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡು ದೇಶದ ಜನಗಣತಿ ನಡೆಯಲಿದೆ. ಈ ಸಲ ಜಾತಿಯನ್ನೂ ಎಣಿಸುತ್ತಾರೆ. ಗಣತಿದಾರರು ನಮ್ಮ ಮನೆ ಬಾಗಿಲಿಗೆ ಬಂದು ಧರ್ಮ ಯಾವುದು, ಜಾತಿ ಯಾವುದು ಎಂದು ಮತ್ತೆ ಕೇಳುತ್ತಾರೆ. ಏನು ಬರೆಸಬೇಕು ಎಂಬುದರ ಬಗ್ಗೆ ನಮ್ಮ ಸಮಾಜದಲ್ಲಿ ಬೇಕಾದಷ್ಟು ಭಾಷಣಗಳಾಗಿವೆ, ಇನ್ನೂ ಆಗುತ್ತವೆ. ಬರೆಸಿದ ಮೇಲೆ ನಾವು ಒಬ್ಬರಿಗೊಬ್ಬರು ಏನಾಗಿ ಉಳಿಯುತ್ತೇವೆ ಎಂಬುದನ್ನು ಮಾತ್ರ ಯಾರೂ ಕೇಳುತ್ತಿಲ್ಲ. ಈ ತಿಂಗಳ ಸಂಪಾದಕೀಯದಲ್ಲಿ ಅದನ್ನೇ ಕೇಳಬೇಕೆಂದಿದ್ದೇನೆ.

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಅದರಲ್ಲಿ 60 ಪ್ರಶ್ನೆಗಳಿದ್ದವು. ಮನೆಯಲ್ಲಿ ಯಾರು ಎಷ್ಟು ಓದಿದ್ದಾರೆ, ಏನು ಕೆಲಸ, ಎಷ್ಟು ಜಮೀನು, ಎಷ್ಟು ಸಾಲ, ಇಂಥವೇ ಹೆಚ್ಚು. ನಮ್ಮ ಸಮಾಜದ ಬಡವರ ನಿಜವಾದ ಸ್ಥಿತಿ ತಿಳಿಯುವುದು ಆ ಪ್ರಶ್ನೆಗಳಿಂದಲೇ. ಅವುಗಳ ವಿಚಾರದಲ್ಲಿ ಯಾವ ಮನೆಯಲ್ಲೂ ದನಿ ಏರಲಿಲ್ಲ. ದನಿ ಏರಿದ್ದು ಧರ್ಮದ ಕಾಲಂ ಬಂದಾಗ. ಲಿಂಗಾಯತ ಎಂದು ಬರೆಸಿ ಎಂದು ಒಂದು ಕಡೆಯವರು, ವೀರಶೈವ ಲಿಂಗಾಯತ ಎಂದು ಇನ್ನೊಂದು ಕಡೆಯವರು, ಹಿಂದೂ ಎಂದೇ ಬರೆಸಿ ಎಂದು ಮತ್ತೊಂದು ಕಡೆಯವರು ಕರೆ ಕೊಟ್ಟರು. ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟದ್ದು ಗೌಪ್ಯವಾಗಿರಬೇಕು ಎಂದು ಹೈಕೋರ್ಟ್ ಹೇಳಿತು. ಗೌಪ್ಯವಾಗಿಡಿ ಎಂದು ನ್ಯಾಯಾಲಯ ಹೇಳಿದ್ದನ್ನು ನಾವೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಡಂಗುರ ಸಾರಿದೆವು. ಯಾರು ಏನು ಬರೆಸಿದರು ಎಂದು ಪಟ್ಟಿ ಮಾಡಿದೆವು. ಹಾಗೆ ಬರೆಸಿದವರು ದ್ರೋಹಿಗಳು ಎಂದವರೂ ಇದ್ದಾರೆ.

ಈ ಗಾಯ ಹೊಸದಲ್ಲ. 2017ರ ಜುಲೈ 19ರಂದು ಬೀದರ್‌ನಲ್ಲಿ ಸೇರಿದ ಸಮಾವೇಶದಿಂದ ಸ್ವತಂತ್ರ ಧರ್ಮದ ಬೇಡಿಕೆ ಬೀದಿಗೆ ಬಂತು. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿ ವರದಿ ಕೊಟ್ಟಿತು. 2018ರ ಮಾರ್ಚ್ 19ರಂದು ರಾಜ್ಯ ಸಚಿವ ಸಂಪುಟ ಆ ಶಿಫಾರಸನ್ನು ಒಪ್ಪಿತು. ಎರಡು ತಿಂಗಳು ಕಳೆಯುವುದರೊಳಗೆ ವಿಧಾನಸಭಾ ಚುನಾವಣೆ ನಡೆಯಿತು. ಕೇಂದ್ರ ಸರ್ಕಾರ ಶಿಫಾರಸನ್ನು ಒಪ್ಪಲಿಲ್ಲ. ಶತಮಾನಗಳ ತತ್ವದ ಪ್ರಶ್ನೆಯೊಂದು ಚುನಾವಣೆಯ ಪ್ರಶ್ನೆಯಾಯಿತು. ತತ್ವದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹತ್ತು ವರ್ಷ ಜೊತೆಯಲ್ಲಿ ಕೂರಬಹುದು. ಚುನಾವಣೆಯ ಪ್ರಶ್ನೆಗೆ ಒಂದೇ ದಿನದಲ್ಲಿ ಉತ್ತರ ಬೇಕು; ಯಾವ ಕಡೆ ಎಂದು ಕೈ ಎತ್ತಿ ತೋರಿಸಬೇಕು. ನಮ್ಮ ಮನೆಗಳಲ್ಲಿ ಆದದ್ದು ಇಷ್ಟೇ.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಬಸವಣ್ಣನವರು ಕೊಟ್ಟ ಲಿಂಗಾಯತ ಸ್ವತಂತ್ರ ಧರ್ಮ ಎಂದು ನಂಬಿದವನು ನಾನು. ಸಮೀಕ್ಷೆಯಲ್ಲೂ ಹಾಗೆಯೇ ಬರೆಸಿದ್ದೇನೆ. ನನ್ನ ಷಡ್ಡಕರು ವೀರಶೈವ ಲಿಂಗಾಯತ ಎಂದು ಬರೆಸಿದ್ದಾರೆ. ನನ್ನ ಬೀಗರು ಹಿಂದೂ ಎಂದು ಬರೆಸಿದ್ದಾರೆ. ಮೂವರ ಕೊರಳಲ್ಲೂ ಇಷ್ಟಲಿಂಗವಿದೆ. ವಾದಕ್ಕೆ ಕೂತರೆ ಮೂವರೂ ಸೋಲುವವರಲ್ಲ. ಆದರೂ ಮೊಮ್ಮಗಳ ಲಿಂಗಧಾರಣೆಯ ದಿನ ಮೂವರೂ ಒಂದೇ ಸಾಲಿನಲ್ಲಿ ಕೂತು ಪ್ರಸಾದ ತೆಗೆದುಕೊಂಡೆವು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಹಿಂದೆ ಇಂಥದ್ದನ್ನು ಹೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಈಗ ಹೇಳಬೇಕಾಗಿ ಬಂದಿದೆ.

ಏಕೆಂದರೆ ಎಲ್ಲ ಮನೆಗಳಲ್ಲೂ ಹೀಗಾಗುತ್ತಿಲ್ಲ. ನೆಲಮಂಗಲ ತಾಲೂಕಿನಲ್ಲಿ ನನಗೆ ಗೊತ್ತಿರುವ ಅಣ್ಣತಮ್ಮಂದಿರ ಮನೆಯೊಂದಿದೆ. ಒಂದೇ ಬಾವಿ, ಒಂದೇ ಕಣ. ಆಸ್ತಿ ಭಾಗವಾದಾಗಲೂ ಅವರು ಜಗಳವಾಡಿರಲಿಲ್ಲ. 2018ರಿಂದ ಮಾತು ಕಡಿಮೆಯಾಯಿತು. ಸಮೀಕ್ಷೆಯ ವಾರದಲ್ಲಿ ನಿಂತೇ ಹೋಯಿತು. ಆಮೇಲೆ ಅಣ್ಣ ತೀರಿಕೊಂಡರು. ಅಣ್ಣನ ಮಣ್ಣಿಗೆ ತಮ್ಮ ಬರಲಿಲ್ಲ. ಊರಿನವರು ಸಮಾಧಿ ತೋಡಿದರು, ಊರಿನವರೇ ವಿಭೂತಿ, ಪತ್ರೆ ಹಾಕಿದರು. ಎಷ್ಟು ಜಗಳವಿದ್ದರೂ ಮಣ್ಣಿಗೆ ಹೋಗಬೇಕು ಎಂಬುದು ನಮ್ಮ ಕಡೆಯ ಹಳ್ಳಿಗಳ ಕಟ್ಟಕಡೆಯ ನಿಯಮ. ಕೋರ್ಟಿನಲ್ಲಿ ಎದುರಾಳಿಗಳಾದವರೂ ಆ ನಿಯಮ ಮೀರುತ್ತಿರಲಿಲ್ಲ. ಅದನ್ನು ಮುರಿದದ್ದು ಜಮೀನಲ್ಲ, ಹಣವಲ್ಲ, ಒಂದು ನಮೂನೆಯ ಕಾಲಂ. ನಮ್ಮ ಮುಂದಿರುವ ಅಪಾಯ ಇಲ್ಲಿಯವರೆಗೆ ಬಂದಿದೆ ಎಂಬುದನ್ನು ತಿಳಿಸಲು ಈ ಸಂಗತಿ ಬರೆದಿದ್ದೇನೆ.

ಭಿನ್ನಾಭಿಪ್ರಾಯವೇ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಶರಣರ ಪರಂಪರೆಯಲ್ಲಿ ಇದ್ದಷ್ಟು ವಾದ ಬೇರೆಲ್ಲೂ ಇಲ್ಲ. ಅನುಭವ ಮಂಟಪದ ನೆನಪನ್ನು 15ನೇ ಶತಮಾನದಲ್ಲಿ ಸಂಗ್ರಹಿಸಿ ಕಟ್ಟಿದ ಶೂನ್ಯಸಂಪಾದನೆಯ ರೂಪವೇ ಸಂವಾದ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪರೀಕ್ಷಿಸುತ್ತಾರೆ, ಮುಕ್ತಾಯಕ್ಕನೊಡನೆ ವಾದಿಸುತ್ತಾರೆ, ಬಸವಣ್ಣನವರನ್ನೂ ಬಿಡುವುದಿಲ್ಲ. ಎಂಜಿನಿಯರ್ ಆದ ನನಗೆ ಅದರಲ್ಲಿ ಹೆಚ್ಚು ಹತ್ತಿರವಾಗುವುದು ಸೊನ್ನಲಿಗೆಯ ಸಿದ್ಧರಾಮಯ್ಯನವರ ಪ್ರಸಂಗ. ಅವರು ಕೆರೆ ಕಟ್ಟಿಸುತ್ತಿದ್ದವರು. ಅಲ್ಲಿಗೆ ಬಂದ ಅಲ್ಲಮರು ಅವರ ಕೆಲಸವನ್ನೇ ಪ್ರಶ್ನಿಸುತ್ತಾರೆ, ಹಂಗಿಸುತ್ತಾರೆ. ಕೆಲಸದಲ್ಲಿದ್ದ ಜನ ಸಿಟ್ಟಿಗೇಳುತ್ತಾರೆ, ಸಿದ್ಧರಾಮಯ್ಯನವರೂ ಸಿಟ್ಟಾಗುತ್ತಾರೆ. ಮಾತು ಅಷ್ಟು ಬಿರುಸಾದರೂ ಇಬ್ಬರೂ ಎದ್ದು ಹೋಗುವುದಿಲ್ಲ. ಆಡಿ ಮುಗಿಸಿದ ಮೇಲೆ ಇಬ್ಬರೂ ಕೂಡಿಯೇ ಕಲ್ಯಾಣದ ದಾರಿ ಹಿಡಿಯುತ್ತಾರೆ. ಮುಂದೆ ಸಿದ್ಧರಾಮಯ್ಯನವರು ಕಲ್ಯಾಣದ ಹಿರಿಯ ಶರಣರಲ್ಲಿ ಒಬ್ಬರಾದರು.

ಆ ಕಾಲದಲ್ಲಿ ಗುಂಪಿನಿಂದ ಹೊರಗೆ ಹೋಗುವ ಗುಂಡಿ ಇರಲಿಲ್ಲ ಎಂದು ನಗೆಯಾಡಬಹುದು. ಆದರೆ ವಿಷಯ ಗಂಭೀರವಾದದ್ದು. ವಾದ ಮಾಡುವವರು ಒಂದೇ ನೆಲದ ಮೇಲೆ ಕೂತಿದ್ದರು. ಎದುರಿನವರ ಮುಖ ಕಾಣುತ್ತಿತ್ತು. ಹೊತ್ತು ಮುಳುಗಿದ ಮೇಲೆ ಒಂದೇ ಕಡೆ ಪ್ರಸಾದವಾಗುತ್ತಿತ್ತು. ವಾದ ಇದ್ದುದರಿಂದ ಮಂಟಪ ಉಳಿಯಿತು, ಪಂಕ್ತಿ ಇದ್ದುದರಿಂದ ವಾದ ಉಳಿಯಿತು. ನಾವು ಈಗ ಪಂಕ್ತಿ ಬಿಟ್ಟು ವಾದವನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಪುರಾಣ ಕಾಲದ ಮಾತು ಇವತ್ತಿಗೆ ಆಗುತ್ತದೆಯೇ ಎನ್ನುವವರು ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ಹೋಬಳಿಯ ಕಡೆ ನೋಡಬೇಕು. ದೇವನಹಳ್ಳಿ ತಾಲೂಕಿನ ಈ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ, ಮುಖ್ಯವಾಗಿ ಏರೋಸ್ಪೇಸ್ ಪಾರ್ಕಿಗೆ ತೆಗೆದುಕೊಳ್ಳಲು 2021ರಲ್ಲಿ ಕೆಐಎಡಿಬಿ ಅಧಿಸೂಚನೆ ಹೊರಡಿಸಿತು. ಅದು ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ, ಹೂವು ಬೆಳೆಯುವ ಕೆಂಪು ಮಣ್ಣು. ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಮನೆ ನಡೆಸುವ ಸಂಸಾರಗಳು. 2022ರ ಏಪ್ರಿಲ್ 4ರಂದು ರೈತರು ಧರಣಿಗೆ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ನಡುವೆ 1,198 ದಿನ.

ನಾನು ಸರ್ಕಾರದ ಕೆಲಸದಲ್ಲಿ ಇದ್ದವನು. ರಸ್ತೆಗೆ, ಕಾಲುವೆಗೆ, ಕಾರ್ಖಾನೆಗೆ ಭೂಮಿ ಬೇಕು ಎಂಬುದನ್ನು ಬಲ್ಲೆ. ಕೈಗಾರಿಕೆ ಬೇಕೋ ಬೇಡವೋ ಎಂಬ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ಆ 1,198 ದಿನ ಅವರು ಜೊತೆಯಾಗಿ ಉಳಿದದ್ದು ಹೇಗೆ ಎಂಬುದಷ್ಟೇ ನನಗೆ ಮುಖ್ಯ. ಅಲ್ಲಿ ದಲಿತರಿದ್ದರು, ಒಕ್ಕಲಿಗರಿದ್ದರು, ಹಿಂದುಳಿದ ಬೇರೆ ಬೇರೆ ಜಾತಿಯವರಿದ್ದರು. ಅಧಿಸೂಚನೆ ಬಂದಾಗ ಒಂದು ಪಕ್ಷದ ಸರ್ಕಾರವಿತ್ತು. 2023ರ ಮೇ ತಿಂಗಳಲ್ಲಿ ಇನ್ನೊಂದು ಪಕ್ಷದ ಸರ್ಕಾರ ಬಂತು. ಎರಡೂ ಕಾಲದಲ್ಲಿ ಧರಣಿ ನಡೆಯಿತು. ನಡುವೆ ಒಂದು ವಿಧಾನಸಭಾ ಚುನಾವಣೆ, ಒಂದು ಲೋಕಸಭಾ ಚುನಾವಣೆ ಬಂದು ಹೋದವು. ದೇವನಹಳ್ಳಿಯ ಕಡೆ ಚುನಾವಣೆ ಎಂದರೆ ಏನೆಂದು ನಿಮಗೆ ಗೊತ್ತು. ಒಂದೇ ಮನೆಯಲ್ಲಿ ಮೂರು ಪಕ್ಷದ ಬಾವುಟ ಇರುತ್ತವೆ. ಮತದಾನದ ದಿನ ಬೇರೆ ಬೇರೆ ಗುಂಡಿ ಒತ್ತಿದವರು ಮಾರನೆಯ ದಿನ ಅದೇ ಚಪ್ಪರದ ಕೆಳಗೆ ಬಂದು ಕೂತರು.

ಆ ಹೋರಾಟದ ನಿಜವಾದ ಪರೀಕ್ಷೆ ಕೊನೆಯಲ್ಲಿ ಬಂತು. 2025ರ ಜೂನ್ ಕೊನೆಯ ವಾರ ಸರ್ಕಾರ 13ರಲ್ಲಿ 3 ಹಳ್ಳಿಗಳ 495 ಎಕರೆಯನ್ನು ಕೈಬಿಡುತ್ತೇವೆ, ಉಳಿದದ್ದನ್ನು ತೆಗೆದುಕೊಳ್ಳುತ್ತೇವೆ ಎಂದಿತು. ಮೂರು ಹಳ್ಳಿಯವರ ಹೊಲ ಉಳಿಯಿತು. ಮೂರು ವರ್ಷ ಬಿಸಿಲಲ್ಲಿ ಕೂತು ಸಾಕಾದವರು ಮನೆಗೆ ಹೋಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಹಳ್ಳಿಗಳ ಒಗ್ಗಟ್ಟು ಮುರಿಯುವುದು ಯಾವಾಗಲೂ ಹೀಗೆಯೇ. ಲಾಠಿಗೆ ಮುರಿಯುವುದಕ್ಕಿಂತ ಹೆಚ್ಚಾಗಿ, ನಿನ್ನದು ಉಳಿಯಿತು ಇನ್ನು ನೀನು ಹೋಗು ಎಂಬ ಮಾತಿಗೆ ಮುರಿಯುತ್ತದೆ. ಅಲ್ಲಿ ಮುರಿಯಲಿಲ್ಲ. 13 ಹಳ್ಳಿಗಳನ್ನೂ ಬಿಡಬೇಕು ಎಂಬ ಬೇಡಿಕೆ ಸಡಿಲವಾಗಲಿಲ್ಲ. ಜೂನ್ 25ರಂದು ದೇವನಹಳ್ಳಿಯಲ್ಲಿ ಪೊಲೀಸರು ಧರಣಿ ಎಬ್ಬಿಸಿದರು. ಹೋರಾಟ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂತು. ರಾಜ್ಯದ ರೈತ, ದಲಿತ, ಕಾರ್ಮಿಕ, ಮಹಿಳಾ ಸಂಘಟನೆಗಳು ಜೊತೆಗೂಡಿದವು. ಮೂರು ವಾರದಲ್ಲಿ 1,777 ಎಕರೆಯೂ ಉಳಿಯಿತು.

ಆ ಚಪ್ಪರಕ್ಕೆ ನಾನು ಮೂರು ಸಲ ಹೋಗಿದ್ದೆ. ಭಾಷಣ ಮುಗಿದ ಮೇಲೆ ಅಲ್ಲಿನ ಹೆಂಗಸರು, ಮುದುಕರು ಆಡುತ್ತಿದ್ದದ್ದು ಮಳೆಯ ಮಾತು, ಹಸು ಈದ ಮಾತು, ಮಗಳಿಗೆ ಗಂಡು ನೋಡಿದ ಮಾತು. ಬೇರೆ ಬೇರೆ ಹಳ್ಳಿಯ, ಬೇರೆ ಬೇರೆ ಕೇರಿಯ ಜನ ದಿನವೂ ಒಂದೆಡೆ ಕೂತರೆ ಮಾತು ತಾನಾಗಿ ಮನೆಯೊಳಗೆ ಹೋಗುತ್ತದೆ. ಯಾರ ಮೊಣಕಾಲು ನೋಯುತ್ತಿದೆ ಎಂದು ಗೊತ್ತಿದ್ದವರನ್ನು ಬಿಟ್ಟು ನನ್ನ ಹೊಲ ಉಳಿಯಿತು ಎಂದು ಎದ್ದು ಹೋಗುವುದು ಕಷ್ಟ. ಒಗ್ಗಟ್ಟು ಎಂಬುದು ಘೋಷಣೆಯಿಂದ ಹುಟ್ಟುವುದಿಲ್ಲ, ಇಂಥ ಚಿಕ್ಕ ಚಿಕ್ಕ ಮಾತುಗಳಿಂದ ಬೆಳೆಯುತ್ತದೆ ಎಂದು ನನಗೆ ಅಲ್ಲಿ ಖಾತ್ರಿಯಾಯಿತು.

ಆ ಕಥೆಗೂ ಇನ್ನೊಂದು ಮಗ್ಗುಲಿದೆ. ಒಳ್ಳೆಯ ಬೆಲೆ ಸಿಕ್ಕರೆ ಭೂಮಿ ಕೊಡುತ್ತೇವೆ ಎಂದ ರೈತರೂ ಅದೇ ಹಳ್ಳಿಗಳಲ್ಲಿದ್ದರು. ಅವರೂ ಮುಖ್ಯಮಂತ್ರಿಗಳನ್ನು ಕಂಡರು. ಇಚ್ಛೆಯಿಂದ ಕೊಡುವವರ ಭೂಮಿಯನ್ನು ಹೆಚ್ಚಿನ ದರ ಕೊಟ್ಟು ಪಡೆಯುತ್ತೇವೆ ಎಂದು ಸರ್ಕಾರವೂ ಹೇಳಿತು. ಕೊಡುವವರಿಗೂ ಕಾರಣಗಳಿವೆ, ಸಾಲವಿದೆ, ನೀರಿಲ್ಲ, ಮಕ್ಕಳು ಬೇಸಾಯ ಒಲ್ಲರು. ಗೆದ್ದ ಮೇಲೆ ಕೊಡುವವರನ್ನೂ ಕೊಡದವರನ್ನೂ ಒಂದೇ ಊರಬ್ಬದಲ್ಲಿ ಸೇರಿಸುವ ಕೆಲಸ ಉಳಿದೇ ಇದೆ. ಧರಣಿಗಿಂತ ಅದು ಸುಲಭ ಎಂದು ಯಾರೂ ತಿಳಿಯಬೇಕಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಸಂಬಂಧವೂ ಇದೆ. ದೇವನಹಳ್ಳಿ ತಾಲೂಕಿನ ವಿಜಯಪುರ, ಪಕ್ಕದ ಶಿಡ್ಲಘಟ್ಟದ ಮಾರುಕಟ್ಟೆಗಳಿಗೆ ನಮ್ಮ ರೈತರು ರೇಷ್ಮೆಗೂಡು ಹೊತ್ತು ಹೋಗುತ್ತಾರೆ. ಹರಾಜಿನಲ್ಲಿ ಕೊಳ್ಳುವ ರೀಲರುಗಳಲ್ಲಿ ಬಹಳ ಮಂದಿ ಮುಸ್ಲಿಮರು. ಅಲ್ಲಿಂದ ನೂಲು ಹುರಿಯಾಗುತ್ತದೆ, ಬಣ್ಣವಾಗುತ್ತದೆ, ದೊಡ್ಡಬಳ್ಳಾಪುರದಂಥ ಊರುಗಳ ಮಗ್ಗಗಳಿಗೆ ಬರುತ್ತದೆ. ನಮ್ಮ ಹೆಣ್ಣುಮಕ್ಕಳು ಧಾರೆಗೆ ಉಡುವ ಒಂದು ಸೀರೆಯ ಹಿಂದೆ ಎಷ್ಟು ಜಾತಿಯ, ಎಷ್ಟು ಧರ್ಮದ ಕೈಗಳಿವೆ ಎಂದು ಲೆಕ್ಕ ಹಾಕಿ. ಇದನ್ನು ತೋರಿಸಿ, ನೋಡಿ ನಾವೆಲ್ಲ ಒಂದೇ ಎಂದು ಭಾಷಣ ಮುಗಿಸುವುದು ಸುಲಭ. ನನಗೆ ಅಷ್ಟರಿಂದ ಸಮಾಧಾನವಿಲ್ಲ.

2022ರಲ್ಲಿ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಹಾಕಲು ಬಿಡಬಾರದು ಎಂಬ ಕೂಗು ಕರಾವಳಿಯಲ್ಲಿ ಎದ್ದು ರಾಜ್ಯದ ಬೇರೆ ಕಡೆಗೂ ಹಬ್ಬಿತು. ತಲೆಮಾರುಗಳಿಂದ ಅದೇ ಜಾತ್ರೆಯಲ್ಲಿ ಬಳೆ, ಬೆಂಡು ಬತ್ತಾಸು ಮಾರಿದವರನ್ನು ಬಿಡಬಾರದು ಎಂದಾಗ ಅವರಿಂದ ಅಷ್ಟು ವರ್ಷ ಕೊಂಡವರಲ್ಲಿ ಎಷ್ಟು ಜನ ಎದ್ದು ನಿಂತರು? ಬಹಳ ಕಡಿಮೆ. ವ್ಯಾಪಾರ ಇತ್ತು, ಬಳಕೆ ಇರಲಿಲ್ಲ. ಮೂವತ್ತು ವರ್ಷ ಒಬ್ಬನಿಗೇ ಗೂಡು ಮಾರಿದರೂ ಅವನ ಮನೆ ಯಾವ ಓಣಿಯಲ್ಲಿದೆ ಎಂದು ಗೊತ್ತಿಲ್ಲದ ರೈತರಿದ್ದಾರೆ. ಅವನ ತಾಯಿ ಸತ್ತಾಗ ಹೋಗಿಲ್ಲ, ನಮ್ಮ ಮದುವೆಗೆ ಅವನನ್ನು ಕರೆದಿಲ್ಲ. ಅಂಥ ನಂಟು ಬೆಲೆ ಇರುವವರೆಗೆ ಇರುತ್ತದೆ. ಗಾಳಿಮಾತು ಒಂದು ಬಂದರೆ ಹರಿಯುತ್ತದೆ. ಹೊಟ್ಟೆಪಾಡು ಜನರನ್ನು ಹತ್ತಿರ ತರುತ್ತದೆ, ಒಂದು ಮಾಡುವುದಿಲ್ಲ. ಒಂದು ಮಾಡಲು ಮನೆಗೆ ಹೋಗಬೇಕು, ಉಣ್ಣಬೇಕು, ಉಣ್ಣಿಸಬೇಕು. ಬಸವಣ್ಣನವರು ಕಾಯಕದ ಜೊತೆಗೇ ದಾಸೋಹವನ್ನೂ ಇಟ್ಟದ್ದರ ಅರ್ಥವನ್ನು ನಾನು ಹೀಗೆ ತಿಳಿದಿದ್ದೇನೆ.

ತುಮಕೂರಿನ ಸಿದ್ಧಗಂಗೆ ನಮ್ಮ ಜಿಲ್ಲೆಗೆ ದೂರವೇನಲ್ಲ. 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂದು ದಾಸೋಹವನ್ನು ಮೂರಾಗಿ ನಡೆಸಿದರು. ಅಲ್ಲಿ ಓದಿದ ಸಾವಿರಾರು ಮಕ್ಕಳಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಮುಸ್ಲಿಂ ಮಕ್ಕಳೂ ಇದ್ದಾರೆ. ತಟ್ಟೆ ಹಿಡಿದು ಸಾಲಿನಲ್ಲಿ ಕೂತ ಹುಡುಗನನ್ನು ನಿನ್ನ ಕಾಲಂ ಯಾವುದು ಎಂದು ಯಾರೂ ಕೇಳಲಿಲ್ಲ. ಎಲ್ಲ ಪಕ್ಷದ ನಾಯಕರೂ ಆ ಮಠಕ್ಕೆ ಬಂದು ನಮಸ್ಕರಿಸಿ ಹೋದರು. ನಮಸ್ಕಾರ ಮಾಡಿದವರು ಆ ಪಂಕ್ತಿಯನ್ನು ತಮ್ಮ ಊರಿಗೂ ಕೊಂಡೊಯ್ದಿದ್ದರೆ ಈ ಲೇಖನದ ಅಗತ್ಯ ಬರುತ್ತಿರಲಿಲ್ಲ.

ಇಲ್ಲಿ ಸುಧಾರಣೆಯ ಹಾದಿಯಲ್ಲಿರುವ ನಮ್ಮ ಬಳಗದವರು ಒಂದು ಆಕ್ಷೇಪ ಎತ್ತುತ್ತಾರೆ. ಎತ್ತಲೇಬೇಕು. ಸಮಾಜ ಒಡೆಯುತ್ತದೆ ಸುಮ್ಮನಿರಿ ಎಂದು ಹೇಳಿಯೇ ಅಲ್ಲವೇ ಇಷ್ಟು ಕಾಲ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಿದ್ದು? ಪಂಕ್ತಿಭೇದವನ್ನು ವಿರೋಧಿಸಿದವರಿಗೆ, ಒಳಪಂಗಡಗಳ ನಡುವೆ ಮದುವೆ ಮಾಡಿಸಿದವರಿಗೆ, ಹೆಣ್ಣುಮಕ್ಕಳಿಗೆ ಪೀಠ ಬೇಕೆಂದವರಿಗೆ ಒಗ್ಗಟ್ಟು ಕೆಡಿಸಬೇಡಿ ಎಂದೇ ಹೇಳಲಾಯಿತು. ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಊರು ಒಡೆಯುತ್ತದೆ ಎಂದು ಶರಣರು ಹಿಂಜರಿಯಲಿಲ್ಲ. ಅವರು ಹಿಂಜರಿದಿದ್ದರೆ ಇಂದು ನಾವು ಇರುತ್ತಿರಲಿಲ್ಲ.

ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೆಳಗೆ ಕೂತವನು ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಉಳಿಯುವ ಸಂಬಂಧ ಸಂಬಂಧವೇ ಅಲ್ಲ, ಅದು ಹಂಗು. ಪಂಕ್ತಿ ಒಂದೇ ಎಂದರೆ ಎಲ್ಲರಿಗೂ ಒಂದೇ ಎತ್ತರದ ಮಣೆ ಎಂದು ಅರ್ಥ. ಮನುಷ್ಯನನ್ನು ಹುಟ್ಟಿನಿಂದ ಕೀಳು ಎನ್ನುವವರ ಎದುರು ಆ ಮಾತು ತಪ್ಪು ಎಂದು ಹೇಳಲೇಬೇಕು, ಎಷ್ಟು ಹತ್ತಿರದ ನೆಂಟರಾದರೂ ಹೇಳಬೇಕು. ಹೇಳುವುದಕ್ಕೂ ಮುಖ ಮುರಿದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮಾತು ನಿಂತ ಕಡೆ ಏನು ಬರುತ್ತದೆ ಎಂದು ನಾವು ಕಣ್ಣಾರೆ ಕಂಡವರು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ವಚನಗಳ ಶಾಸನ, ಹಸ್ತಪ್ರತಿಗಳನ್ನು ಹಿಡಿದು ಜೀವನವಿಡೀ ವಾದ ಮಾಡಿದವರು ಅವರು. ಅವರ ಮಾತನ್ನು ಒಪ್ಪದವರಿಗೆ ಎದುರು ಬರೆಯಲು ಬೇಕಾದಷ್ಟು ಕಾಗದ ಇತ್ತು. ಕಟುವಾಗಿ ವಾದಿಸುವ ನೂರು ಜನ ಇದ್ದರೂ ಸಮಾಜಕ್ಕೆ ಅಪಾಯವಿಲ್ಲ. ಎದುರಿನವನು ಕೇಳಲು ಯೋಗ್ಯನಲ್ಲ ಎಂದು ತೀರ್ಮಾನಿಸಿದವನೊಬ್ಬ ಸಾಕು.

ನನ್ನ ವೃತ್ತಿಯ ಒಂದು ಉದಾಹರಣೆ ಕೊಡುತ್ತೇನೆ. ಸೇತುವೆಯ ಮೇಲೆ ಬಸ್ಸು ಹೋಗುವಾಗ ಆಗಾಗ ಟಕ್ ಟಕ್ ಎಂದು ಸದ್ದಾಗುವುದನ್ನು ನೀವು ಗಮನಿಸಿರಬಹುದು. ಎರಡು ಸ್ಲ್ಯಾಬ್‌ಗಳ ನಡುವೆ ಬೇಕೆಂದೇ ಬಿಟ್ಟ ಸಂದಿ ಅದು. ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಎನ್ನುತ್ತೇವೆ. 30 ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಬಿಸಿ ಏರಿದರೆ ಹೆಚ್ಚು ಕಡಿಮೆ 1 ಸೆಂಟಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಜಾಗ ಬಿಡದೆ ಕೂಡಿಸಿ ಕಟ್ಟಿದರೆ ಬಿಸಿಲುಗಾಲದಲ್ಲಿ ಬಿರುಕು ಬಿಡುತ್ತದೆ. ಇಷ್ಟು ಎಲ್ಲ ಎಂಜಿನಿಯರುಗಳಿಗೂ ಗೊತ್ತು. ನಿರ್ವಹಣೆ ಮಾಡಿದವರಿಗೆ ಮಾತ್ರ ಗೊತ್ತಿರುವ ಇನ್ನೊಂದು ವಿಷಯವಿದೆ. ಆ ಸಂದಿಯನ್ನು ಆಗಾಗ ಶುಚಿ ಮಾಡಬೇಕು. ಮಾಡದಿದ್ದರೆ ಮಣ್ಣು, ಜಲ್ಲಿ ತುಂಬಿ ಗಟ್ಟಿಯಾಗಿ, ಸ್ಲ್ಯಾಬು ಹಿಗ್ಗಿದಾಗ ಅಂಚು ಒಡೆಯುತ್ತದೆ. ಭಿನ್ನಾಭಿಪ್ರಾಯದ ಸಂದಿ ನಮ್ಮ ನಡುವೆ ಇರಲಿ, ಅದರಲ್ಲಿ ಕಸ ತುಂಬದಂತೆ ನೋಡಿಕೊಳ್ಳೋಣ. ಮಧ್ಯರಾತ್ರಿ ಯಾರೋ ಕಳಿಸಿದ್ದನ್ನು ನೋಡದೆ ಮುಂದೆ ಕಳಿಸುವುದು, ಒಬ್ಬರ ಮಾತಿಗೆ ಇಡೀ ಪಂಗಡವನ್ನು ಬೈಯುವುದು, ಆಡದ ಮಾತನ್ನು ಆಡಿದರು ಎನ್ನುವುದು, ಇವೇ ಆ ಜಲ್ಲಿ.

ಇನ್ನು ಮಾಡಬೇಕಾದ ಕೆಲಸ. ಇವು ದೊಡ್ಡ ಕೆಲಸಗಳಲ್ಲ, ಹಣವೂ ಬೇಕಿಲ್ಲ.

ಮೊದಲನೆಯದು, ಕಾಯಿಲೆ, ಮದುವೆ, ಮಣ್ಣು, ಈ ಮೂರಕ್ಕೆ ಕಾಲಂ ಇಲ್ಲ ಎಂದು ಪ್ರತಿ ಮನೆಯಲ್ಲೂ ತೀರ್ಮಾನವಾಗಲಿ. ಏನು ಬರೆಸಿದ್ದರೂ, ಯಾವ ಪಕ್ಷದ ಬಾವುಟ ಹಿಡಿದಿದ್ದರೂ ಆಸ್ಪತ್ರೆಗೆ ಹೋಗಿ ನೋಡಬೇಕು, ಮದುವೆಗೆ ಕರೆಯಬೇಕು, ಮಣ್ಣಿಗೆ ಹೋಗಬೇಕು. ಮನೆಯ ಹಿರಿಯರು ಇದನ್ನು ಮಕ್ಕಳ ಎದುರಿಗೇ ಹೇಳಬೇಕು, ಮಾಡಿಯೂ ತೋರಿಸಬೇಕು.

ಎರಡನೆಯದು, ಮಠಗಳಲ್ಲಿ ತಿಂಗಳಿಗೊಮ್ಮೆ ನಡೆಯುವ ಅನುಭಾವ ಗೋಷ್ಠಿಗೆ ಒಪ್ಪುವವರನ್ನೇ ಕರೆದು ಕೂರಿಸುವ ಪದ್ಧತಿ ಬಿಡೋಣ. ಒಪ್ಪದ ಇಬ್ಬರನ್ನು ಕರೆಯೋಣ. ಒಂದು ನಿಯಮವಿರಲಿ: ಮೊದಲು ಎದುರಿನವರ ವಾದವನ್ನು ತನ್ನ ಬಾಯಲ್ಲಿ ಹೇಳಬೇಕು, ಹೌದು, ನಾನು ಹೇಳುವುದು ಇದೇ ಎಂದು ಅವರು ಒಪ್ಪಿದ ಮೇಲೆ ಮಾತ್ರ ಅದಕ್ಕೆ ಉತ್ತರ ಕೊಡಬೇಕು. ಕೊನೆಗೆ ಇಬ್ಬರೂ ಅಕ್ಕಪಕ್ಕ ಕೂತು ಪ್ರಸಾದ ಮಾಡಬೇಕು. ಪೂಜ್ಯರು ಇದಕ್ಕೆ ಮುಂದಾಗಬೇಕೆಂದು ಕೈಮುಗಿದು ಕೇಳುತ್ತೇನೆ.

ಮೂರನೆಯದು ಚುನಾವಣೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ಊರು ಪಕ್ಷಗಳಾಗಿ ಹೋಳಾಗಬಾರದು ಎಂಬ ವಿವೇಕ ಆ ಕಾನೂನಿನಲ್ಲಿದೆ. ನಾವು ಅದನ್ನು ಕಾಗದದ ಮೇಲೆ ಬಿಟ್ಟು ಪ್ರತಿ ವಾರ್ಡಿನಲ್ಲೂ ಪಕ್ಷ ತಂದಿದ್ದೇವೆ. ಮಠದ ಅಂಗಳ, ಸಮುದಾಯ ಭವನ ಯಾವ ಪಕ್ಷದ ಪ್ರಚಾರಕ್ಕೂ ಸಿಗಬಾರದು. ಎಣಿಕೆಯಾದ ವಾರದಲ್ಲೇ ಗೆದ್ದವರು, ಸೋತವರು ಕೂಡಿ ಊರಿನಲ್ಲಿ ಒಂದು ದಾಸೋಹ ನಡೆಸಲಿ. ಬಡಿಸುವ ಕೆಲಸ ಗೆದ್ದವರದಾಗಲಿ.

ನಾಲ್ಕನೆಯದು, ನೀವು ದಿನವೂ ವ್ಯವಹರಿಸುವ ಬೇರೆ ಜಾತಿಯ, ಬೇರೆ ಧರ್ಮದ ಒಂದು ಮನೆಯನ್ನಾದರೂ ಈ ವರ್ಷ ನೋಡಿ ಬನ್ನಿ. ಗೂಡು ಕೊಳ್ಳುವವರಿರಬಹುದು, ಟ್ರ್ಯಾಕ್ಟರ್ ರಿಪೇರಿ ಮಾಡುವವರಿರಬಹುದು, ತೋಟದ ಕೆಲಸಕ್ಕೆ ಬರುವವರಿರಬಹುದು, ದೊಡ್ಡಬಳ್ಳಾಪುರದ ಕಾರ್ಖಾನೆಗೆ ಒಡಿಶಾದಿಂದಲೋ ಬಿಹಾರದಿಂದಲೋ ಬಂದು ನಿಮ್ಮ ಬೀದಿಯಲ್ಲೇ ಬಾಡಿಗೆಗೆ ಇರುವ ಹುಡುಗರಿರಬಹುದು. ಅವರ ಮನೆಯಲ್ಲಿ ಒಂದು ಲೋಟ ನೀರು ಕುಡಿಯಿರಿ. ಮುಂದಿನ ಬಸವ ಜಯಂತಿಗೆ ಅವರನ್ನು ಕರೆಯಿರಿ.

ಗಣತಿದಾರರು ಬಂದಾಗ ನಿಮ್ಮ ಅಂತಃಸಾಕ್ಷಿ ಹೇಳಿದ್ದನ್ನು ಧೈರ್ಯವಾಗಿ ಬರೆಸಿ. ಈ ಪತ್ರಿಕೆಯ ನಿಲುವು ಏನೆಂದು ನಿಮಗೆ ಗೊತ್ತು. ಅದನ್ನು ವಾದಿಸುವುದನ್ನು ನಾವು ಬಿಡುವುದಿಲ್ಲ. ಬೇರೆ ಬರೆಸಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ನಮ್ಮ ಪಂಕ್ತಿಯಲ್ಲಿ ಕೂರುವುದನ್ನೂ ಬಿಡಬಾರದು. ಚನ್ನರಾಯಪಟ್ಟಣದ ರೈತರು ತಮ್ಮ ಹೊಲ ಉಳಿದರೂ ಪಕ್ಕದ ಹಳ್ಳಿಯವರನ್ನು ಬಿಟ್ಟು ಏಳಲಿಲ್ಲ. ಅವರಲ್ಲಿ ಬಹಳ ಜನ ವಚನ ಓದಿದವರಲ್ಲ. ಓದಿದ ನಾವು ಅಷ್ಟನ್ನಾದರೂ ಮಾಡೋಣ.

ನಿಮ್ಮ ಊರಿನ ಮಠದಲ್ಲಿ, ಬಡಾವಣೆಯಲ್ಲಿ ಇಂಥ ಗೋಷ್ಠಿಯೋ ದಾಸೋಹವೋ ನಡೆದರೆ, ಮಾತು ಬಿಟ್ಟ ಮನೆಗಳು ಮತ್ತೆ ಕೂಡಿದರೆ, ನಮಗೆ ಬರೆದು ತಿಳಿಸಿ. ಮಾತು ಬಿರುಸಾಗಿ ನಡೆದು ಒಪ್ಪಂದಕ್ಕೆ ಬಾರದೆ ಮುಗಿದಿದ್ದರೂ ಬರೆಯಿರಿ. ಎಲ್ಲರೂ ಉಂಡು ಎದ್ದರೇ ಎಂಬುದನ್ನು ಮಾತ್ರ ಮರೆಯದೆ ತಿಳಿಸಿ.